20 ಬೈಟಿನ ಬ್ಯಾಕಪ್: ಕ್ರಾನ್ ಮೇಲನ್ನು ದಾರಿಗೆ ತಂದ ನನ್ನ ಅನುಭವ

ಮಾರ್ಚ್ ಕೊನೆಯ ಒಂದು ಗುರುವಾರ, ನಾನು ಸರ್ವರ್ ನೋಡಿಕೊಳ್ಳುವ ಪತ್ತಿನ ಸಹಕಾರ ಸಂಘವೊಂದರ ಗುಮಾಸ್ತರು ಸಾಲದ ಖಾತೆಗಳ ಕೋಷ್ಟಕವನ್ನೇ ಕೈತಪ್ಪಿ ಅಳಿಸಿಬಿಟ್ಟು ಫೋನ್ ಮಾಡಿದಾಗ ನನಗೆ ಗಾಬರಿಯೇನೂ ಆಗಲಿಲ್ಲ. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದೆ, ಹತ್ತು ನಿಮಿಷ ಕೊಡಿ ಎಂದು ಹೇಳಿ ಲ್ಯಾಪ್‌ಟಾಪ್ ತೆರೆದೆ. ಆ ಕೆಲಸ ಮಾಡಿಸುತ್ತಿದ್ದುದು ಕ್ರಾನ್, ಹೇಳಿದ ಹೊತ್ತಿಗೆ ಕೆಲಸ ಓಡಿಸಿ ಅದು ಮುದ್ರಿಸಿದ್ದನ್ನು ಮೇಲ್ ಮಾಡುವ ಲಿನಕ್ಸ್ ಸೇವೆ. ಕಡತಗಳೇನೋ ಸಾಲಾಗಿ ಇದ್ದವು, ದಿನಾಂಕಗಳೂ ಸರಿಯಾಗಿದ್ದವು. ಆದರೆ ಗಾತ್ರದ ಕಾಲಂನಲ್ಲಿ ಒಂದರ ಕೆಳಗೊಂದು 20, 20, 20 ಎಂದು ಸುಮಾರು ನಲವತ್ತು ಸಾಲು ಇಳಿದಿತ್ತು. ಏನೂ ಇಲ್ಲದ್ದನ್ನು ಕಡತ ಕುಗ್ಗಿಸುವ ಜಿಜಿಪ್‌ಗೆ ಹಾಯಿಸಿದರೆ ಅದು ಸರಿಯಾಗಿ 20 ಬೈಟಿನ ಕಡತ ಮಾಡಿಕೊಡುತ್ತದೆ ಎಂಬುದನ್ನು ಬಲ್ಲವರಿಗೆ ಆಗ ನನ್ನ ಹೊಟ್ಟೆಯಲ್ಲಿ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಪ್ಪು ನನ್ನದೇ. ಲೆಕ್ಕಪರಿಶೋಧನೆ ಬರುತ್ತದೆಂದು ಫೆಬ್ರವರಿಯಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದೆ, ಬ್ಯಾಕಪ್ ಮಾಡುವ ಬಳಕೆದಾರನ ಕಡತದಲ್ಲಿ ಹಳೆಯದನ್ನೇ ಬಿಟ್ಟಿದ್ದೆ. ಡೇಟಾಬೇಸನ್ನು ಕಡತಕ್ಕೆ ಇಳಿಸುವ ಮೈಎಸ್‌ಕ್ಯೂಎಲ್‌ಡಂಪ್ ಪ್ರತಿ ರಾತ್ರಿ ಪ್ರವೇಶ ಸಿಗದೆ ಹಿಂದಿರುಗುತ್ತಿತ್ತು. ಅದರ ಫಲವನ್ನು ಮುಂದಿನ ಆಜ್ಞೆಗೆ ಹಾಯಿಸುವ ಪೈಪಿನ ಆಚೆ ತುದಿಯಲ್ಲಿದ್ದ ಜಿಜಿಪ್ ಮಾತ್ರ ತನ್ನ ಕೆಲಸ ಯಶಸ್ವಿಯಾಯಿತೆಂದು ಸೊನ್ನೆ ಒಪ್ಪಿಸುತ್ತಿತ್ತು. ಸರ್ವರ್ ಬಾಡಿಗೆಗೆ ಕೊಟ್ಟ ಸೇವಾದಾರರ ಬಳಿ ಭಾನುವಾರದ ಸ್ನ್ಯಾಪ್‌ಶಾಟ್ (ಡಿಸ್ಕಿನ ಪೂರ್ತಿ ನಕಲು) ಒಂದಿದ್ದುದರಿಂದ ಮಾನ ಉಳಿಯಿತು. ಸೋಮವಾರದಿಂದ ಗುರುವಾರದವರೆಗಿನ ಸುಮಾರು ಆರುನೂರು ವೋಚರುಗಳನ್ನು ಇಬ್ಬರು ಗುಮಾಸ್ತರು ಎರಡು ಸಂಜೆ ಕೂತು ಮತ್ತೆ ನಮೂದಿಸಿದರು. ಅವರ ಓವರ್‌ಟೈಮಿನ ಮೂರು ಸಾವಿರ ಚಿಲ್ಲರೆಯನ್ನು ನಾನೇ ಕೈಯಿಂದ ಕೊಟ್ಟೆ. ವರ್ಷದ ನಿರ್ವಹಣೆಗೆಂದು ಅವರು ಕೊಡುವ 18,000 ರೂಪಾಯಿಯ ಒಪ್ಪಂದ ಆ ವಾರ ನೂಲಿನ ಮೇಲೆ ತೂಗಾಡುತ್ತಿತ್ತು.

ನನ್ನನ್ನು ಕಾಡಿದ್ದು ಪಾಸ್‌ವರ್ಡ್ ಅಲ್ಲ. ದೋಷದ ಸಾಲು ದೋಷಗಳಿಗೆಂದೇ ಇರುವ ಹೊರದಾರಿಯಾದ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಿದೆ, ಕ್ರಾನ್ ಅದನ್ನು ಹಿಡಿದಿದೆ, ಪತ್ರ ಯಾರಿಗೆಂದು ಹೇಳುವ ಮೇಲ್‌ಟು ಸಾಲಿನಲ್ಲಿ ನನ್ನ ವಿಳಾಸವೂ ಇದೆ. ಹಾಗಿದ್ದೂ ನಲವತ್ತು ರಾತ್ರಿಗಳಲ್ಲಿ ಒಂದು ಮೇಲೂ ನನ್ನನ್ನು ತಲುಪಲಿಲ್ಲವೇಕೆ? ಬೆಂಗಳೂರಿನ ದೊಡ್ಡ ಕಂಪನಿಯಲ್ಲಿರುವ ಗೆಳೆಯನಿಗೆ ಹೇಳಿದರೆ ಅವನು ನಕ್ಕು, ಕ್ರಾನ್ ಮೇಲನ್ನು ಈಗ ಯಾರು ನಂಬುತ್ತಾರೆ, ಸರಿಯಾದ ಮಾನಿಟರಿಂಗ್ ಹಾಕಿಸು ಎಂದ. ಅವನು ತೋರಿಸಿದವರನ್ನು ಕೇಳಿದಾಗ ಸರ್ವರ್ ಒಂದಕ್ಕೆ ತಿಂಗಳಿಗೆ 2,500 ಎಂದರು. ನನ್ನ ಬಳಿ ಇರುವುದು ಮೂರು ಸರ್ವರ್, ಸಂಘದ್ದೊಂದು, ಎರಡು ಶಾಲೆಗಳದ್ದು. ಹೇಳಬೇಕಾದ್ದನ್ನು ಕ್ರಾನ್ ಹೇಳುತ್ತಲೇ ಇರುವಾಗ ಆ ಮಾತು ಬರುವ ದಾರಿಯನ್ನು ರಿಪೇರಿ ಮಾಡುವುದು ಬಿಟ್ಟು ತಿಂಗಳಿಗೆ 7,500 ಕೊಟ್ಟು ಇನ್ನೊಬ್ಬನನ್ನು ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಯಂತ್ರದ ದಿನಚರಿಯಾದ ಸಿಸ್‌ಲಾಗ್‌ನಲ್ಲಿ ಕ್ರಾನ್ ಎಂದು ಹುಡುಕಿದ ಮೊದಲ ನಿಮಿಷದಲ್ಲೇ ಉತ್ತರ ಸಿಕ್ಕಿತು: ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್. ಅಂದರೆ ಮೇಲ್ ಸಾಗಿಸುವ ತಂತ್ರಾಂಶವೇ (ಎಂಟಿಎ) ಇಲ್ಲ, ಬಂದದ್ದನ್ನು ಎಸೆಯುತ್ತಿದ್ದೇನೆ. ಕನಿಷ್ಠ ಸಲಕರಣೆಗಳ ಡೆಬಿಯನ್ ಲಿನಕ್ಸ್ ಇಮೇಜ್ ತೆಗೆದುಕೊಂಡಿದ್ದರಿಂದ ಸೆಂಡ್‌ಮೇಲ್ ಎಂಬ ಹೆಸರಿನ ಯಾವುದೂ ಯಂತ್ರದಲ್ಲಿ ಇರಲೇ ಇಲ್ಲ. ಕ್ರಾನ್ ಪ್ರತಿ ರಾತ್ರಿ ಪತ್ರ ಬರೆದು, ಅಂಚೆಪೆಟ್ಟಿಗೆ ಕಾಣದೆ ಹರಿದು ಹಾಕುತ್ತಿತ್ತು. ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಹಾಕಿದರೆ ಮುಗಿಯಿತು ಎಂದುಕೊಂಡೆ. ಹಾಕಿದೆ, ಇಂಟರ್ನೆಟ್ ಸೈಟ್ ಎಂದು ಆರಿಸಿದೆ, ಮರುದಿನ ಮೇಲ್‌ಕ್ಯೂ (ಕಾಯುತ್ತಿರುವ ಪತ್ರಗಳ ಸರದಿ) ನೋಡಿದರೆ ಎಲ್ಲ ಪತ್ರಗಳೂ ಕನೆಕ್ಷನ್ ಟೈಮ್ಡ್ ಔಟ್ ಎಂಬ ಹಣೆಪಟ್ಟಿ ಹೊತ್ತು ಅಲ್ಲೇ ಕೂತಿದ್ದವು. ಬಾಡಿಗೆ ಸರ್ವರ್‌ಗಳಲ್ಲಿ ಮೇಲ್ ಹೊರಹೋಗುವ 25ನೇ ಪೋರ್ಟ್ ಮುಚ್ಚಿರುವುದು ಈಗ ಮಾಮೂಲು. ತೆರೆಯಿರೆಂದು ಸೇವಾದಾರರಿಗೆ ಟಿಕೆಟ್ ಹಾಕಿದೆ; ಎರಡು ದಿನದ ಮೇಲೆ ಬಹಳ ವಿನಯದಿಂದ ಆಗುವುದಿಲ್ಲ ಎಂದು ಉತ್ತರ ಬಂತು. ತೆರೆದಿದ್ದರೂ ಪ್ರಯೋಜನವಿರಲಿಲ್ಲ ಎಂಬುದು ಶಾಲೆಯ ಬ್ರಾಡ್‌ಬ್ಯಾಂಡ್ ಹಿಂದಿದ್ದ ಯಂತ್ರದಿಂದ ತಿಳಿಯಿತು: ಅಲ್ಲಿಂದ ಪತ್ರ ಹೊರಬಿತ್ತು, ಆದರೆ ಆ ಐಪಿ ವಿಳಾಸಕ್ಕೆ ಹೆಸರೂ ಇಲ್ಲ, ಮರ್ಯಾದೆಯೂ ಇಲ್ಲವಾದ್ದರಿಂದ 550 ಎಂಬ ನಿರಾಕರಣೆ ಪಡೆದು ಹೊಸ್ತಿಲಿಂದಲೇ ವಾಪಸು ಬಂತು.

ಎರಡನೆಯ ಯತ್ನ ಜಿಮೇಲ್ ಮೂಲಕ, ಲಾಗಿನ್ ಆಗಿ ಮೇಲ್ ಒಪ್ಪಿಸುವ 587ನೇ ಪೋರ್ಟಿನಲ್ಲಿ. ಇಲ್ಲಿ ಒಂದು ಪೂರ್ತಿ ರಾತ್ರಿ ಹೋಯಿತು. ಪಾಸ್‌ವರ್ಡ್ ನಕ್ಷೆ ಬರೆದು ಪೋಸ್ಟ್‌ಫಿಕ್ಸ್ ಓದುವಂತೆ ಪೋಸ್ಟ್‌ಮ್ಯಾಪ್ ಮಾಡಿದ್ದೆ, ಬೇರೆಯವರು ಓದದಂತೆ ಅನುಮತಿ 600ಕ್ಕೆ ಇಳಿಸಿದ್ದೆ, ಪತ್ರ ದಾಟಿಸುವ ಸರ್ವರಿನ (ರಿಲೇಹೋಸ್ಟ್) ಹೆಸರಿಗೆ ಚೌಕಾವರಣ ಹಾಕಿದ್ದೆ. ಆದರೂ ಲಾಗ್‌ನಲ್ಲಿ ನೋ ವರ್ದಿ ಮೆಕ್ಸ್ ಫೌಂಡ್ (ಲಾಗಿನ್ ಆಗಲು ತಕ್ಕ ವಿಧಾನ ಸಿಗಲಿಲ್ಲ) ಎಂಬ ಒಂದೇ ಹಾಡು. ಬೆಳಗಿನ ಜಾವ ಮೂರಕ್ಕೆ ಹೊಳೆಯಿತು, ಆ ವಿಧಾನಗಳನ್ನು ಒದಗಿಸುವ ಲಿಬ್‌ಸ್ಯಾಸ್ಲ್2-ಮಾಡ್ಯೂಲ್ಸ್ ಎಂಬ ಪ್ಯಾಕೇಜ್ ಇರಲಿಲ್ಲ. ಅದನ್ನು ಹಾಕಿದ ಮೇಲೆ ದೋಷ 535ಕ್ಕೆ ಬದಲಾಯಿತು. ಅಂದರೆ ಬಾಗಿಲವರೆಗೆ ಬಂದಿದ್ದೇವೆ, ಬೀಗದ ಕೈ ತಪ್ಪಾಗಿದೆ ಎಂದರ್ಥ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ ಇಂಥ ಪ್ರೋಗ್ರಾಂಗಳಿಗೆಂದೇ ಕೊಡುವ ಹದಿನಾರು ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದ ಮೇಲೆ ಮೊದಲ ಮೇಲ್ ಬಂತು. ನಾನು ಗೆಳೆಯನಿಗೆ ಅದರ ಚಿತ್ರ ಕಳಿಸಿ ಮೀಸೆ ತಿರುವಿದ್ದೂ ಆಯಿತು. ಹತ್ತು ದಿನದ ನಂತರ ಮೇಲ್ ನಿಂತಿತು. ಖಾತೆ ಸಂಘದ ಹೆಸರಿನಲ್ಲಿತ್ತು, ಕಚೇರಿಯಲ್ಲಿ ಯಾರೋ ಅದರ ಪಾಸ್‌ವರ್ಡ್ ಬದಲಿಸಿದ್ದರು; ಖಾತೆಯ ಪಾಸ್‌ವರ್ಡ್ ಬದಲಾದರೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಮತ್ತೆ ಅದೇ ಮೌನ, ಅದೂ ನಾಲ್ಕು ದಿನ ನನ್ನ ಗಮನಕ್ಕೇ ಬಾರದ ಮೌನ.

ನಡುವೆ ಎರಡು ಅಡ್ಡದಾರಿ ಹಿಡಿದೆ. ಎಸ್‌ಎಂಎಸ್ ಕಳಿಸೋಣವೆಂದು ವಿಚಾರಿಸಿದರೆ ಎಸ್‌ಎಂಎಸ್ ಕಳಿಸುವ ಸಂಸ್ಥೆಗಳಿಗೆ ಕಡ್ಡಾಯವಾದ ಡಿಎಲ್‌ಟಿ ನೋಂದಣಿ, ಹೆಡರ್ (ಕಳಿಸುವವರ ಹೆಸರು), ಪ್ರತಿ ವಾಕ್ಯಕ್ಕೂ ಟೆಂಪ್ಲೇಟ್ ಅನುಮೋದನೆ, ಅದಕ್ಕೆ ಐದಾರು ಸಾವಿರ ಖರ್ಚು ಎಂದರು. ನನಗೇ ನಾನು ಕಳಿಸಿಕೊಳ್ಳುವ ಸಂದೇಶಕ್ಕೆ ಇಷ್ಟು ಸಂಭ್ರಮ ಬೇಡವೆಂದು ಬಿಟ್ಟೆ. ಟೆಲಿಗ್ರಾಂ ಬಾಟ್ ಅರ್ಧ ಗಂಟೆಯಲ್ಲಿ ಸಿದ್ಧವಾಯಿತು, ಪುಕ್ಕಟೆ ಕೂಡ. ಆದರೆ ಒಂದು ಸಂದೇಶಕ್ಕೆ 4,096 ಅಕ್ಷರದ ಮಿತಿ ಇರುವುದರಿಂದ ಉದ್ದದ ದೋಷಪಟ್ಟಿಯನ್ನು ತುಂಡು ಮಾಡಬೇಕು. ಮೇಲಾಗಿ, ಸಂಘದ ಕಾರ್ಯದರ್ಶಿಯವರಿಗೆ ಮುದ್ರಿಸಿ ಫೈಲಿಗೆ ಹಾಕಲು ಇಮೇಲೇ ಬೇಕಿತ್ತು.

ಕೊನೆಗೆ ನಿಂತ ದಾರಿ ಇದು. ನನ್ನದೇ ಒಂದು ಡಾಟ್ ಇನ್ ಡೊಮೇನ್ ಕೊಂಡೆ, ವರ್ಷಕ್ಕೆ ಎಂಟುನೂರರ ಆಸುಪಾಸು. ಮೇಲ್ ಕಳಿಸಿಕೊಡುವ ಸೇವೆಯಾದ ಅಮೆಜಾನ್ ಎಸ್‌ಇಎಸ್‌ನ ಮುಂಬೈ ಪ್ರದೇಶದಲ್ಲಿ ಅದನ್ನು ದೃಢೀಕರಿಸಿ, ಪತ್ರ ನಿಜಕ್ಕೂ ನನ್ನ ಡೊಮೇನಿನದೇ ಎಂದು ತೋರಿಸುವ ಡಿಕೆಐಎಂನ ಮೂರು ಸಿಎನ್‌ಎಎಂಇ ದಾಖಲೆಗಳನ್ನೂ ಡಿಮಾರ್ಕ್ ಸಾಲನ್ನೂ ಹಾಕಿದೆ. ಅಲ್ಲಿಯ ಆ್ಯಕ್ಸೆಸ್ ಕೀ ಬೇರೆ, ಮೇಲ್ ಕಳಿಸಲು ಬೇಕಾದ ಎಸ್‌ಎಂಟಿಪಿ ಗುರುತು-ಗುಟ್ಟು ಬೇರೆ ಎಂಬುದನ್ನು ಓದದೆ ಒಂದು ಸಂಜೆ ಕಳೆದೆ. ನಂತರ ಇಮೇಲ್ ಅಡ್ರೆಸ್ ಈಸ್ ನಾಟ್ ವೆರಿಫೈಡ್ ಎಂದು 554ರ ನಿರಾಕರಣೆ ಬರತೊಡಗಿತು. ಕ್ರಾನ್ ತನ್ನ ಪತ್ರವನ್ನು ಯಂತ್ರದ ಮುಖ್ಯ ಬಳಕೆದಾರನಾದ ರೂಟ್ ಹೆಸರಿನಲ್ಲಿ, ಯಂತ್ರದ ಒಳಹೆಸರಿನ ವಿಳಾಸದಿಂದ ಕಳಿಸುತ್ತದೆ. ಆ ಹೆಸರು ಹೊರಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಪೋಸ್ಟ್‌ಫಿಕ್ಸ್‌ನ ಜೆನೆರಿಕ್ ನಕ್ಷೆಯಲ್ಲಿ ಅದನ್ನು ನನ್ನ ಡೊಮೇನಿನ ವಿಳಾಸಕ್ಕೆ ತಿರುಗಿಸಿದ ಮೇಲೆ ದಾರಿ ತೆರೆಯಿತು. ಸಾವಿರ ಮೇಲಿಗೆ ಅಮೆರಿಕದ ಹತ್ತು ಸೆಂಟ್ ದರ. ತಿಂಗಳಿಗೆ ಮುನ್ನೂರು ಮೇಲ್ ಕಳಿಸುವ ನನಗೆ ಬೀಳುವುದು ಅರ್ಧ ಕಪ್ ಚಹದ ದುಡ್ಡೂ ಅಲ್ಲ. 7,500 ಕೇಳಿದವರನ್ನು ನೆನೆದಾಗಲೆಲ್ಲ ಈಗಲೂ ಒಳಗೊಳಗೇ ನಗು ಬರುತ್ತದೆ.

ಶಾಲೆಗಳ ಸರ್ವರ್‌ಗಳಲ್ಲಿ ಪೋಸ್ಟ್‌ಫಿಕ್ಸ್ ಭಾರವೆನಿಸಿ, ಪತ್ರ ದಾಟಿಸುವುದಷ್ಟೇ ಕೆಲಸವಾದ ಪುಟ್ಟ ಎಂಎಸ್‌ಎಂಟಿಪಿ ಹಾಕಿದ್ದೇನೆ. ಅದಕ್ಕೆ ಸರದಿ ಎಂಬುದಿಲ್ಲ. ಕಳಿಸುವ ಕ್ಷಣದಲ್ಲಿ ಲೈನ್ ಇಲ್ಲದಿದ್ದರೆ ಪತ್ರ ಹೋದಂತೆಯೇ. ಸಂಘದ ಸರ್ವರ್‌ನಲ್ಲಿ ಆ ಅಪಾಯಕ್ಕೆ ಒಡ್ಡಿಕೊಳ್ಳಲು ಧೈರ್ಯವಿಲ್ಲದೆ ಅಲ್ಲಿ ಪೋಸ್ಟ್‌ಫಿಕ್ಸನ್ನೇ ಉಳಿಸಿಕೊಂಡೆ.

ಪರೀಕ್ಷೆಗೆಂದು ನಿಮಿಷಕ್ಕೊಮ್ಮೆ ಒಂದು ಪದ ಮುದ್ರಿಸುವ ಕೆಲಸವನ್ನು ಕ್ರಾನ್‌ಟ್ಯಾಬ್‌ಗೆ, ಅಂದರೆ ಕ್ರಾನ್‌ನ ಕೆಲಸಗಳ ಪಟ್ಟಿಗೆ, ಹಾಕಿದ್ದೆ. ಮೇಲ್ ಬಂದ ಸಂತೋಷದಲ್ಲಿ ಅದನ್ನು ತೆಗೆಯುವುದನ್ನೇ ಮರೆತು ಮಲಗಿದೆ. ಎಸ್‌ಇಎಸ್‌ನ ಹೊಸ ಖಾತೆಗೆ ದಿನಕ್ಕೆ 200 ಇಮೇಲ್‌ಗಳ ಮಿತಿ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಅದು ಮುಗಿದು, ಉಳಿದದ್ದೆಲ್ಲ 454ರ ತಾತ್ಕಾಲಿಕ ನಿರಾಕರಣೆ ಪಡೆದು ಸರದಿಯಲ್ಲಿ ನಿಂತಿತು. ತಾತ್ಕಾಲಿಕವೆಂದರೆ ಪೋಸ್ಟ್‌ಫಿಕ್ಸ್ ಬಿಡುವುದಿಲ್ಲವಲ್ಲ, ಮರುದಿನದ ಮಿತಿಯನ್ನೂ ಆ ಕಸವೇ ನುಂಗಿತು. ನಿಜವಾದ ಬ್ಯಾಕಪ್ ವರದಿ ಬಾಲದಲ್ಲಿ ಸಿಕ್ಕಿಕೊಂಡಿತ್ತು. ಸರದಿ ಖಾಲಿ ಮಾಡಿ, ಪರೀಕ್ಷೆಯ ಸಾಲು ಬರೆಯುವಾಗ ದಿನಾಂಕವನ್ನೂ ಸೇರಿಸಿ ಬರೆಯುವ ಅಭ್ಯಾಸ ಮಾಡಿಕೊಂಡೆ, ಮರೆತರೂ ಮರುದಿನ ಓಡದಿರಲಿ ಎಂದು.

ದಾರಿ ಸರಿಯಾದ ಮೇಲೂ ಕೆಲವು ಕೆಲಸಗಳು ಬಾಯಿ ಬಿಡಲಿಲ್ಲ. ಅವುಗಳ ಬಾಯಿಗೆ ಬಟ್ಟೆ ತುರುಕಿದ್ದವನು ನಾನೇ: ಹಿಂದೆಂದೋ ಗದ್ದಲ ತಾಳಲಾರದೆ ಸಾಲಿನ ಕೊನೆಗೆ ಡೆವ್ ನಲ್ ಮತ್ತು 2>&1 ಸೇರಿಸಿದ್ದೆ. ಡೆವ್ ನಲ್ ಹಾಕಿದ್ದನ್ನೆಲ್ಲ ನುಂಗುವ ಹೊಂಡ; ಇನ್ನೊಂದು ದೋಷದ ಸಾಲನ್ನೂ ಮಾಮೂಲಿ ಮಾತು ಹೋಗುವಲ್ಲಿಗೇ ಕಳಿಸುವ ಸೂಚನೆ. ಈ ಎರಡರ ಹಿಂದುಮುಂದಿನಲ್ಲಿಯೇ ಎಲ್ಲ ಇದೆ. ಡೆವ್ ನಲ್ ಮೊದಲು ಬಂದರೆ ದೋಷವೂ ಹೊಂಡಕ್ಕೆ ಬೀಳುತ್ತದೆ; 2>&1 ಮೊದಲು ಬಂದರೆ ಮಾಮೂಲಿ ಮಾತು ಮಾತ್ರ ಹೊಂಡಕ್ಕೆ ಹೋಗಿ ದೋಷ ಇಮೇಲಿಗೆ ಬರುತ್ತದೆ. ಇನ್ನೊಂದರಲ್ಲಿ ಕಡತದ ಹೆಸರಿಗೆ ದಿನಾಂಕ ಸೇರಿಸಲು ಬಳಸಿದ್ದ ಶೇಕಡಾ ಚಿಹ್ನೆ. ಟರ್ಮಿನಲ್‌ನಲ್ಲಿ ಸೊಗಸಾಗಿ ಓಡುವ ಅದೇ ಸಾಲು ಕ್ರಾನ್‌ಟ್ಯಾಬ್‌ನಲ್ಲಿ ಆ ಚಿಹ್ನೆಯಲ್ಲೇ ಕತ್ತರಿಸಿ ಬೀಳುತ್ತದೆ, ಏಕೆಂದರೆ ಕ್ರಾನ್ ಅದನ್ನು ಹೊಸ ಸಾಲೆಂದು ಓದುತ್ತದೆ. ಅದರ ಎಡಕ್ಕೆ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಲೇಬೇಕು. ದಿನಕ್ಕೊಮ್ಮೆ ಓಡಬೇಕಾದ ಸ್ಕ್ರಿಪ್ಟ್‌ಗಳ ಕ್ರಾನ್ ಡಾಟ್ ಡೈಲಿ ಕೋಶದಲ್ಲಿದ್ದ ಒಂದು ಸ್ಕ್ರಿಪ್ಟ್ ಒಂದು ವರ್ಷದಿಂದ ಓಡಿಯೇ ಇರಲಿಲ್ಲ. ಹೆಸರಿನ ಕೊನೆಯಲ್ಲಿ ಡಾಟ್ ಎಸ್‌ಎಚ್ ಇತ್ತು. ಚುಕ್ಕಿ ಇರುವ ಹೆಸರನ್ನು, ಆ ಕೋಶದ ಸ್ಕ್ರಿಪ್ಟ್‌ಗಳನ್ನು ಓಡಿಸುವ ಡೆಬಿಯನ್‌ನ ರನ್‌ಪಾರ್ಟ್ಸ್ ಮುಟ್ಟುವುದಿಲ್ಲ, ಮುಟ್ಟಲಿಲ್ಲವೆಂದು ಹೇಳುವುದೂ ಇಲ್ಲ.

ಕನ್ನಡದ ಒಂದು ಉಪಕಥೆಯೂ ಇದೆ. ಕಾರ್ಯದರ್ಶಿಯವರಿಗಾಗಿ ವರದಿಯನ್ನು ಕನ್ನಡದಲ್ಲಿ ಬರೆಸಿದ್ದೆ. ಬಂದ ಮೇಲಿನಲ್ಲಿ ಬರೀ ಚೌಕ ಮತ್ತು ಚೂರುಪಾರು. ಕ್ರಾನ್ ಯಾವ ಲೊಕೇಲಿನಲ್ಲಿ (ಭಾಷೆ-ಲಿಪಿಯ ಹೊಂದಿಕೆ) ಏಳುತ್ತದೆಯೋ ಅದರ ಅಕ್ಷರಸಂಕೇತವನ್ನೇ ಇಮೇಲಿನ ತಲೆಬರಹದಲ್ಲಿ ಹಾಕುತ್ತದೆ, ನನ್ನ ಯಂತ್ರದಲ್ಲಿ ಅದು ಇಂಗ್ಲಿಷಿಗಷ್ಟೇ ಸಾಲುವ ಬರಿಯ ಆಸ್ಕಿ ಆಗಿತ್ತು. ಕ್ರಾನ್‌ಟ್ಯಾಬ್‌ನ ತಲೆಯಲ್ಲಿ ಕಂಟೆಂಟ್ ಟೈಪ್ ಸಾಲು ಬರೆದು ಕನ್ನಡಕ್ಕೂ ಒಗ್ಗುವ ಯುಟಿಎಫ್-8 ಎಂದು ಘೋಷಿಸಿದ ಮೇಲೆ ಒತ್ತಕ್ಷರ ಸಮೇತ ಸರಿಯಾಗಿ ಬಂತು.

ಸಮಯದ ವಿಷಯದಲ್ಲಿಯೂ ಎಡವಿದ್ದೆ. ಸರ್ವರ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯದಲ್ಲಿತ್ತು, ನಾನು ರಾತ್ರಿ 2:30 ಎಂದು ಬರೆದದ್ದು ನಮ್ಮ ಬೆಳಗಿನ 8:00ಕ್ಕೆ ಓಡುತ್ತಿತ್ತು. ಅದನ್ನು 21:00 ಮಾಡಿದೆ, ಅಂದರೆ ನಮ್ಮ ರಾತ್ರಿ 2:30.

ಈಗ ನಿಜವಾದ ಕೆಲಸ ಮಾಡುವುದು ಉಳಿದ ಕೆಲಸಗಳನ್ನು ತನ್ನೊಳಗೆ ಸುತ್ತಿಕೊಂಡು ಓಡಿಸುವ ನನ್ನ ನಲವತ್ತು ಸಾಲಿನ ಬ್ಯಾಷ್ ಸ್ಕ್ರಿಪ್ಟ್. ಮೊದಲು ಮೋರ್‌ಯುಟಿಲ್ಸ್ ಎಂಬ ಪ್ಯಾಕೇಜಿನ ಕ್ರಾನಿಕ್ ಬಳಸಿದ್ದೆ. ಕೆಲಸ ಗೆದ್ದರೆ ಸುಮ್ಮನಿದ್ದು ಸೋತರೆ ಮಾತ್ರ ಮಾತಾಡುವ ಒಳ್ಳೆಯ ಉಪಕರಣವದು. ಆದರೆ ಸುಮ್ಮನಿರುವುದಕ್ಕೆ ಗೆದ್ದದ್ದು ಕಾರಣವೋ ಸತ್ತದ್ದು ಕಾರಣವೋ ಎಂದು ತಿಳಿಯದ ಸ್ಥಿತಿಯನ್ನು ನಾನು ನಲವತ್ತು ದಿನ ಅನುಭವಿಸಿದ್ದೇನೆ. ನನ್ನ ಸ್ಕ್ರಿಪ್ಟ್, ಪೈಪಿನ ಯಾವ ಆಜ್ಞೆ ಸೋತರೂ ಸೋಲೆಂದೇ ಹೇಳುವ ಪೈಪ್‌ಫೇಲ್ ಹಾಕಿಕೊಂಡು ಕೆಲಸ ಓಡಿಸಿ, ಗೆದ್ದರೂ ಸೋತರೂ ಮೇಲ್ ಕಳಿಸುತ್ತದೆ. ವಿಷಯದ ಸಾಲಿನಲ್ಲೇ ಯಂತ್ರದ ಹೆಸರು, ಫಲಿತಾಂಶ, ಹಿಡಿದ ಸಮಯ ಮತ್ತು ಕಡತದ ಗಾತ್ರ ಇರುತ್ತವೆ. ಕ್ರಾನ್ ತಾನೇ ಹಾಕುವ ವಿಷಯದ ಸಾಲು ಇಡೀ ಆಜ್ಞೆಯನ್ನು ಹೊತ್ತು ಬರುವುದರಿಂದ ಮೊಬೈಲಿನಲ್ಲಿ ಓದಲಾಗದು. ಈಗ ಹಲ್ಲುಜ್ಜುತ್ತಾ ಮೂರು ಸಾಲು ನೋಡಿದರೆ ಸಾಕು. ಗಾತ್ರ ಹಿಂದಿನ ದಿನಗಳಿಗಿಂತ ಇಂತಿಷ್ಟು ಕುಗ್ಗಿದರೆ ನಿರ್ಗಮನ ಸಂಕೇತ ಸೊನ್ನೆಯಾಗಿದ್ದರೂ ಸೋಲೆಂದೇ ಲೆಕ್ಕ. ಎಷ್ಟು ದಿನ, ಎಷ್ಟು ಶೇಕಡಾ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಎರಡು ತಿಂಗಳು ಸುಳ್ಳು ಎಚ್ಚರಿಕೆಗಳಿಗೆ ನಿದ್ದೆಗೆಟ್ಟಿದ್ದೇನೆ.

ಇಮೇಲೇ ಬಾರದಿದ್ದರೆ ಹೇಳುವವರು ಯಾರು ಎಂಬ ಪ್ರಶ್ನೆಗೆ ಮೊದಲು ಮನೆಯಲ್ಲಿದ್ದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಒಂದನ್ನು ಕಾವಲಿಗೆ ಕೂರಿಸಿದೆ. ಬೆಳಗ್ಗೆ 6:30ಕ್ಕೆ ಅದು ನನ್ನ ಅಂಚೆಪೆಟ್ಟಿಗೆ ತೆರೆದು ಮೂರು ಪತ್ರ ಎಣಿಸುತ್ತಿತ್ತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಅದರ ಮೆಮೊರಿ ಕಾರ್ಡ್ ಎರಡು ಸಲ ಕೆಟ್ಟಿತು, ಒಂದೂವರೆ ಸಾವಿರ ದಂಡ. ಈಗ ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ, ಜಾಲವಿಳಾಸಗಳನ್ನು ಕರೆಯುವ ಕರ್ಲ್ ಆಜ್ಞೆಯಿಂದ ಹೆಲ್ತ್‌ಚೆಕ್ಸ್ ಡಾಟ್ ಐಒ ಎಂಬ ಸೇವೆಗೆ ಒಂದು ತಟ್ಟು ತಟ್ಟುತ್ತೇನೆ. ಹೇಳಿದ ಹೊತ್ತಿಗೆ ತಟ್ಟು ಬಾರದಿದ್ದರೆ ಅವರೇ ಎಬ್ಬಿಸುತ್ತಾರೆ, ಇಪ್ಪತ್ತು ಕೆಲಸಗಳವರೆಗೆ ಪುಕ್ಕಟೆ. ಆ ಎಚ್ಚರಿಕೆ ಬರುವ ವಿಳಾಸವನ್ನು ಬೇಕೆಂದೇ ನನ್ನ ಡೊಮೇನಿನಿಂದ ಹೊರಗಿಟ್ಟಿದ್ದೇನೆ.

ಕಳೆದ ತಿಂಗಳು ಬೆಳಗ್ಗೆ ಎದ್ದಾಗ ಸಂಘದ ಸಾಲು ಸೋಲು ಎಂದಿತ್ತು, ಕಡತ ಮಾಮೂಲಿಗಿಂತ ಸುಮಾರು ನಲವತ್ತು ಎಂಬಿ ಕಡಿಮೆ. ಡಿಸ್ಕ್ ತುಂಬಿತ್ತು. ಹಳೆಯ ಲಾಗ್ ತೆಗೆದು ಬ್ಯಾಕಪ್ ಮತ್ತೆ ಓಡಿಸುವಷ್ಟರಲ್ಲಿ ಏಳೂಮುಕ್ಕಾಲು. ಹತ್ತಕ್ಕೆ ಕಚೇರಿ ತೆರೆದವರಿಗೆ ಏನಾಯಿತೆಂಬುದೇ ಗೊತ್ತಾಗಲಿಲ್ಲ. ಆ ವಾರವೇ ಬೆಂಗಳೂರಿನ ಗೆಳೆಯ ಫೋನ್ ಮಾಡಿ, ತನ್ನ ಮನೆಯ ಸರ್ವರ್‌ಗೆ ಬೇಕು, ಆ ಸ್ಕ್ರಿಪ್ಟ್ ಕಳಿಸು ಎಂದ. ಕಳಿಸಿದೆ, ಗಾತ್ರ ಕುಗ್ಗುವ ಶೇಕಡಾ ಇರಬೇಕಾದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಿಟ್ಟು.