ಸೊಂಟದಲ್ಲಿ ಪಿಸ್ತೂಲು, ಹಿಂದೆ ಪೊಲೀಸ್ ದೀಪ: ಟೆಕ್ಸಸ್‌ನಲ್ಲಿ ನಾನು ಪಾಲಿಸುವ ಕ್ರಮ

ಲೈಸೆನ್ಸ್ ಇರುವ ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ಕಾರು ಓಡಿಸುವವನಿಗೆ ಮುಖ್ಯವಾದ ಕೆಲಸ ಮನೆ ಬಿಡುವ ಮೊದಲೇ ಇರುತ್ತದೆ. ಪಿಸ್ತೂಲು ಸಿಕ್ಕಿಸುವ ನನ್ನ ಹೋಲ್‌ಸ್ಟರ್ ಬಲಸೊಂಟದಲ್ಲಿದೆ. ಆದ್ದರಿಂದ ಆ ಕಡೆಯ ಜೇಬಿನಲ್ಲಿ ಪರ್ಸ್ ಇಡುವುದಿಲ್ಲ. ಡ್ರೈವಿಂಗ್ ಲೈಸೆನ್ಸ್, ಪಿಸ್ತೂಲು ಒಯ್ಯಲು ರಾಜ್ಯ ಕೊಡುವ ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ) ಕಾರ್ಡ್, ಇನ್ಶೂರೆನ್ಸ್ ಚೀಟಿ ಮೂರೂ ತಲೆಯ ಮೇಲೆ ಬಿಸಿಲು ತಡೆಯುವ ವೈಸರ್‌ಗೆ ಸಿಕ್ಕಿಸಿದ ಪೌಚ್‌ನಲ್ಲಿರುತ್ತವೆ. ಪಿಸ್ತೂಲನ್ನೂ ಕಾಗದವನ್ನೂ ಗ್ಲೋವ್ ಬಾಕ್ಸ್‌ನಲ್ಲಿ ಒಟ್ಟಿಗೆ ಇಡುವವರಿದ್ದಾರೆ. ಕಾಗದಕ್ಕೆಂದು ಮುಚ್ಚಳ ತೆರೆದರೆ ಪೊಲೀಸರಿಗೆ ಮೊದಲು ಕಾಣುವುದು ಪಿಸ್ತೂಲಿನ ಹಿಡಿ.

ಹಿಂದೆ ದೀಪ ಮಿನುಗಿದ ಕೂಡಲೇ ಇಂಡಿಕೇಟರ್ ಹಾಕಿ, ಬಲಕ್ಕೆ ಸರಿದು ನಿಲ್ಲಿಸುತ್ತೇನೆ. ಎಂಜಿನ್ ಆಫ್, ಕಿಟಕಿ ಕೆಳಗೆ, ರಾತ್ರಿಯಾದರೆ ಒಳದೀಪ ಆನ್. ಆಮೇಲೆ ಎರಡೂ ಕೈ ಸ್ಟೀರಿಂಗ್ ಮೇಲೆ, ಬೆರಳು ಬಿಚ್ಚಿ. ಪೊಲೀಸರು ಬರುವ ಮೊದಲೇ ಕಾಗದ ತೆಗೆದಿಡೋಣ ಅಂತ ತಡಕಾಡಬಾರದು; ಹಿಂದಿನಿಂದ ನೋಡುವವರಿಗೆ ಭುಜ ಬಗ್ಗಿದ್ದಷ್ಟೇ ಕಾಣುತ್ತದೆ. ಊರಿನಲ್ಲಿ ಟ್ರಾಫಿಕ್ ಪೊಲೀಸ್ ತಡೆದರೆ ಇಳಿದು ದಾಖಲೆ ಹಿಡಿದು ಅವರ ಬಳಿ ಹೋಗುತ್ತೇವಲ್ಲ, ಆ ಅಭ್ಯಾಸ ಇಲ್ಲಿ ಅಪಾಯಕಾರಿ. ಹೇಳುವವರೆಗೂ ಇಳಿಯಬಾರದು.

ಹೇಳುವ ಮಾತಿನ ಅನುಕ್ರಮವೂ ಮುಖ್ಯ. 'ಐ ಹ್ಯಾವ್ ಎ ಗನ್' ಅಂತ ಶುರು ಮಾಡುವುದಿಲ್ಲ. 'ಆಫೀಸರ್, ಐ ಹ್ಯಾವ್ ಎ ಲೈಸೆನ್ಸ್ ಟು ಕ್ಯಾರಿ, ಅಂಡ್ ಐ ಆಮ್ ಕ್ಯಾರಿಯಿಂಗ್. ಹೌ ವುಡ್ ಯು ಲೈಕ್ ಮಿ ಟು ಪ್ರೊಸೀಡ್?' ಮೊದಲು ಲೈಸೆನ್ಸ್, ಆಮೇಲೆ ಆಯುಧ, ಕೊನೆಗೆ ಅವರ ಅಪ್ಪಣೆ. ಎಲ್ಲಿದೆ ಎಂದು ಕೇಳಿದರೆ ಬಾಯಲ್ಲಿ ಹೇಳುತ್ತೇನೆ. ಬೆರಳು ತೋರಿಸುವುದಿಲ್ಲ, ಅಂಗಿ ಎತ್ತುವುದಂತೂ ಇಲ್ಲವೇ ಇಲ್ಲ.

ಟೆಕ್ಸಸ್‌ನಲ್ಲಿ ಪಿಸ್ತೂಲು ಜೊತೆಗಿರುವ ಎಲ್‌ಟಿಸಿದಾರ, ಪೊಲೀಸರು ಗುರುತುಪತ್ರ ಕೇಳಿದಾಗ ಎರಡೂ ಕಾರ್ಡ್ ತೋರಿಸಬೇಕು. ಮಿಶಿಗನ್‌ನಲ್ಲಿ ಅವರು ಕೇಳುವ ಮೊದಲೇ ನಾವೇ ಹೇಳಬೇಕು. ರಾಜ್ಯ ದಾಟುವ ಮುನ್ನ ಆ ರಾಜ್ಯದ ನಿಯಮವನ್ನೂ, ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳುತ್ತೇನೆ.

2016ರ ಜುಲೈ 6ರಂದು ಮಿನೆಸೋಟದಲ್ಲಿ ಪೊಲೀಸರು ಕಾರು ತಡೆದಾಗ, ಓಡಿಸುತ್ತಿದ್ದ ಫಿಲಾಂಡೊ ಕ್ಯಾಸ್ಟಿಲ್ ತನ್ನ ಬಳಿ ಆಯುಧವಿದೆ ಎಂದು ಮರ್ಯಾದೆಯಿಂದಲೇ ಹೇಳಿದ್ದರು. ಪರ್ಮಿಟ್ಟೂ ಇತ್ತು. ಲೈಸೆನ್ಸ್ ಕೊಡಿ ಎಂದು ಕೇಳಿದ್ದ ಅಧಿಕಾರಿ, ಆಯುಧದ ಮಾತು ಕೇಳಿದ ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡು ಹಾರಿಸಿದರು. ಕ್ಯಾಸ್ಟಿಲ್ ಸತ್ತರು. ಮರುವರ್ಷ ಜ್ಯೂರಿ ಆ ಅಧಿಕಾರಿಯನ್ನು ನಿರ್ದೋಷಿ ಎಂದಿತು. ಆ ಸಾವಿಗೆ ಕ್ಯಾಸ್ಟಿಲ್ ಅವರನ್ನು ನಾನು ಹೊಣೆ ಮಾಡಲಾರೆ. ಆದರೆ 'ಕಾರ್ಡ್ ಕೊಡಿ', 'ಪಿಸ್ತೂಲಿಗೆ ಕೈ ಹಾಕಬೇಡಿ' ಎಂಬ ಎರಡು ಆಜ್ಞೆ ಒಂದಕ್ಕೊಂದು ಡಿಕ್ಕಿ ಹೊಡೆದಾಗ ನಾನು ಕೈ ಅಲ್ಲಾಡಿಸದೆ, 'ಕಾರ್ಡ್ ವೈಸರ್‌ನಲ್ಲಿದೆ, ಎಡಗೈಯಿಂದ ತೆಗೆಯಲೇ?' ಎಂದು ಕೇಳಿ ಉತ್ತರಕ್ಕೆ ಕಾಯುತ್ತೇನೆ.

ಇಳಿಯಿರಿ ಅಂದರೆ ಸೀಟ್ ಬೆಲ್ಟ್ ಬಕಲ್ ಹೋಲ್‌ಸ್ಟರ್ ಪಕ್ಕದಲ್ಲೇ ಇದೆ ಎಂದು ತಿಳಿಸಿ, ಒಪ್ಪಿದ ಮೇಲೆ ಬಿಚ್ಚುತ್ತೇನೆ. ಸುರಕ್ಷತೆಗೆಂದು ಅವರು ಪಿಸ್ತೂಲು ತೆಗೆದುಕೊಳ್ಳುವುದಾದರೆ ಅವರೇ ತೆಗೆಯಲಿ. ಚೇಂಬರಿನಲ್ಲಿ, ಅಂದರೆ ಹಾರಲು ಸಿದ್ಧವಾಗಿ, ಗುಂಡಿದೆ ಎಂದು ಮೊದಲೇ ಹೇಳುತ್ತೇನೆ. ವಾಪಸ್ ಕೊಟ್ಟಾಗ ಅವರೆದುರು ಗುಂಡುಗಳಿರುವ ಮ್ಯಾಗಜಿನ್ ತುರುಕುವುದಿಲ್ಲ, ಅವರ ಕಾರು ಹೋದ ಮೇಲೆ.

ಪಕ್ಕದಲ್ಲಿ ಕೂತವರಿಗೂ ಹೇಳಿಕೊಟ್ಟಿರಬೇಕು. ಗಾಬರಿಯಲ್ಲಿ ಕನ್ನಡದಲ್ಲಿ 'ರೀ, ಗನ್ ಇದೆ ಅಂತ ಹೇಳ್ರೀ' ಅಂದರೆ ಪೊಲೀಸರಿಗೆ ಅರ್ಥವಾಗುವ ಪದ ಒಂದೇ: ಗನ್. ಮಕ್ಕಳಿಗೂ ಅಷ್ಟೇ, ಕೈ ಮಡಿಲಲ್ಲಿ, ಮಾತಿಲ್ಲ.

ಎಚ್-1ಬಿ ಎಂಬ ಉದ್ಯೋಗ ವೀಸಾ ಅಥವಾ ವಿಸಿಟರ್ ವೀಸಾದಲ್ಲಿರುವವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಹೊಂದುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್‌ನವರಿಗೆ ಈ ನಿಷೇಧವಿಲ್ಲ. 'ಸ್ವಲ್ಪ ಹೊತ್ತು ಹಿಡ್ಕೊಳ್ಳಪ್ಪ' ಎಂದು ಊರಿಂದ ಬಂದ ಭಾವನ ಕೈಗೂ ಪಿಸ್ತೂಲು ಕೊಡುವುದಿಲ್ಲ.