ಹಾಕಿ ನೋಡುವುದಿಲ್ಲ: ಶಿರಸಿಯಲ್ಲಿ ಬೀಟಾ ಮತ್ತು ಯು-ಮ್ಯಾಟಿಕ್ ಟೇಪುಗಳ ಜೊತೆ

ಹಳೆಯ ವಿಡಿಯೊ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ ಎಂದರೆ ಶಿರಸಿಯಲ್ಲಿ ಹೆಚ್ಚಿನವರು ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಹಿಡಿದುಕೊಂಡು ಬರುತ್ತಾರೆ. ಅದನ್ನೂ ಮಾಡಿಕೊಡುತ್ತೇನೆ, ಅಂಗಡಿಯ ಬಾಡಿಗೆ ಹುಟ್ಟುವುದೇ ಅದರಿಂದ. ಇಲ್ಲಿ ಬರೆಯುತ್ತಿರುವುದು ಬೇರೆ ಜಾತಿಯ ಟೇಪುಗಳ ಬಗ್ಗೆ. ಟಿ.ವಿ. ಕೇಂದ್ರಗಳಿಗೆ ಸುದ್ದಿ ಚಿತ್ರೀಕರಿಸಿ ಕಳಿಸುತ್ತಿದ್ದವರು, ಸಾಕ್ಷ್ಯಚಿತ್ರ ಮಾಡುತ್ತಿದ್ದವರು ಬಳಸಿದ ಯು-ಮ್ಯಾಟಿಕ್ ಮತ್ತು ಬೀಟಾಕ್ಯಾಮ್ ಎಸ್‌ಪಿ ಟೇಪುಗಳವು. ಬೆಂಗಳೂರಿನ ಒಂದು ಎಡಿಟಿಂಗ್ ಸ್ಟುಡಿಯೊದಲ್ಲಿ ಈ ಯಂತ್ರಗಳ ಮುಂದೆ ಕುಳಿತೇ ನಾನು ಕೆಲಸ ಕಲಿತದ್ದು. ಊರಿಗೆ ಮರಳಿದ ಮೇಲೆ ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯಿಂದ ಒಂದೊಂದೇ ಪೆಟ್ಟಿಗೆ ಬರತೊಡಗಿತು. ಕೊಂಕಣ ರೈಲ್ವೆಗಾಗಿ ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟುತ್ತಿದ್ದುದು, ಮಾರಿಕಾಂಬೆಯ ಜಾತ್ರೆ, ಕಾರವಾರದ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟವರ ಮಾತು, ಬೆಳಗಿನವರೆಗಿನ ಬಯಲಾಟ. ಪ್ರಸಾರವಾದದ್ದು ಎರಡು ನಿಮಿಷ, ಉಳಿದದ್ದೆಲ್ಲ ಕ್ಯಾಸೆಟ್ಟಿನಲ್ಲೇ ಉಳಿದಿದೆ.

ಟೇಪು ತಂದವರ ಮೊದಲ ಮಾತು ಸಾಮಾನ್ಯವಾಗಿ ಒಂದೇ: “ಒಮ್ಮೆ ಹಾಕಿ ನೋಡಿ ಮಾರಾಯರೇ, ಚಿತ್ರ ಬರುತ್ತದೋ ಇಲ್ಲವೋ.” ನಾನು ಹಾಕಿ ನೋಡುವುದಿಲ್ಲ. ಇದರಿಂದ ಬೇಸರಪಟ್ಟು ಪೆಟ್ಟಿಗೆಯನ್ನು ವಾಪಸು ಒಯ್ದವರೂ ಇದ್ದಾರೆ. ಚಿತ್ರ ಇರುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ತೆಳ್ಳನೆಯ ಕಾಂತೀಯ ಪದರದಲ್ಲಿ. ಅದರ ಎದುರು, ಚಿತ್ರವನ್ನು ಓದುವ ಹೆಡ್ಡುಗಳನ್ನು ಹೊತ್ತ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತಿರುತ್ತದೆ. ಅಂಟು ಹಾಳಾಗಿದ್ದರೆ ಪದರವೇ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಬೂಷ್ಟು ಹಿಡಿದಿದ್ದರೆ ಅದು ಯಂತ್ರದ ಹೊಟ್ಟೆ ಸೇರಿ ಮುಂದಿನ ಟೇಪಿಗೂ ಹತ್ತುತ್ತದೆ. ಆದ್ದರಿಂದ ಮೊದಲ ಓಟವೇ ಕೊನೆಯ ಓಟವೂ ಆಗಬಹುದು ಎಂದುಕೊಂಡು, ರೆಕಾರ್ಡಿಂಗ್‌ಗೆ ಎಲ್ಲ ತಯಾರಿ ಆದ ಮೇಲೆಯೇ ಪ್ಲೇ ಗುಂಡಿ ಒತ್ತುತ್ತೇನೆ. ನೋಡುವುದೂ ಉಳಿಸುವುದೂ ಒಂದೇ ಸಲಕ್ಕೆ ಆಗಬೇಕು.

ಗುರುತಿಲ್ಲದವರಿಗಾಗಿ ಈ ಎರಡರ ಬಗ್ಗೆ ಸ್ವಲ್ಪ. ಎರಡೂ ಸೋನಿ ಕಂಪನಿಯವು. ಯು-ಮ್ಯಾಟಿಕ್ 1971ರಲ್ಲಿ ಮಾರುಕಟ್ಟೆಗೆ ಬಂತು, ಮುಕ್ಕಾಲು ಇಂಚು ಅಗಲದ ಟೇಪು, ಪುಸ್ತಕದಷ್ಟು ದಪ್ಪದ ಕ್ಯಾಸೆಟ್ಟು. ಅದಕ್ಕೂ ಮೊದಲು ಟಿ.ವಿ. ಕೇಂದ್ರಗಳಲ್ಲಿ ಇದ್ದದ್ದು ಆಂಪೆಕ್ಸ್ ಕಂಪನಿ 1956ರಲ್ಲಿ ತಂದ ಎರಡು ಇಂಚಿನ ಬಿಚ್ಚು ಸುರುಳಿಯ ಯಂತ್ರ. ಬೀರುವಿನಷ್ಟು ದೊಡ್ಡದಾಗಿದ್ದ ಅದನ್ನು ಹೊತ್ತು ಯಾರೂ ಸುದ್ದಿಗೆ ಹೋಗುವಂತಿರಲಿಲ್ಲ. ಕ್ಯಾಸೆಟ್ ಬಂದ ಮೇಲೆ ಕ್ಯಾಮೆರಾದವನು ಒಬ್ಬ, ಹೆಗಲಿಗೆ ರೆಕಾರ್ಡರ್ ನೇತುಹಾಕಿಕೊಂಡವನು ಇನ್ನೊಬ್ಬ, ನಡುವೆ ಕೇಬಲ್ಲು, ಹೀಗೆ ಹೊರಡುವುದು ಸಾಧ್ಯವಾಯಿತು. 1982ರಲ್ಲಿ ಬೀಟಾಕ್ಯಾಮ್ ಬಂದು ಅರ್ಧ ಇಂಚಿನ ಟೇಪನ್ನು ಕ್ಯಾಮೆರಾದ ಬೆನ್ನಿಗೇ ಸೇರಿಸಿತು. 1986ರ ಎಸ್‌ಪಿ ಮಾದರಿ ಮೆಟಲ್ ಟೇಪು ಬಳಸಿ ಗುಣಮಟ್ಟ ಏರಿಸಿತು. ನಮ್ಮಲ್ಲಿ ಖಾಸಗಿ ವಾಹಿನಿಗಳು ಕಣ್ಣು ಬಿಟ್ಟ ತೊಂಬತ್ತರ ದಶಕದಲ್ಲಿ ‘ಬೀಟಾ’ ಎಂದರೆ ಇದೇ.

ಇವೆರಡರ ನಿಜವಾದ ವ್ಯತ್ಯಾಸ ಕಾಣಿಸುವುದು ಯಕ್ಷಗಾನದಲ್ಲಿ. ಯು-ಮ್ಯಾಟಿಕ್, ಅದರಲ್ಲೂ ನಾವು ಲೋ ಬ್ಯಾಂಡ್ ಎನ್ನುತ್ತಿದ್ದ ಹಳೆಯ ಮಾದರಿ, ಬಣ್ಣದ ಸಂಕೇತವನ್ನು ಕೆಳಗಿನ ಕಂಪನಾಂಕಕ್ಕೆ ಇಳಿಸಿ ಬೆಳಕಿನ ಸಂಕೇತದ ಅಡಿಗೆ ತುರುಕುತ್ತದೆ. ಬಣ್ಣಕ್ಕೆ ಸಿಗುವ ಜಾಗ ತೀರ ಕಡಿಮೆ. ಹಾಗಾಗಿ ಕೆಂಪು ವೇಷ ಕುಣಿದಾಗ ಕೆಂಪು ಬಟ್ಟೆಯ ಅಂಚು ದಾಟಿ ಪಕ್ಕಕ್ಕೆ ಹರಿಯುತ್ತದೆ, ನಡುವೆ ಗೊಜ್ಜು ಕುದಿಯುವಂತೆ ಕಣಗಳು ಕುದಿಯುತ್ತವೆ. ಬೀಟಾಕ್ಯಾಮ್ ಬೆಳಕನ್ನು ಒಂದು ಪಥದಲ್ಲಿ, ಬಣ್ಣದ ಎರಡು ಸಂಕೇತಗಳನ್ನು ಕಾಲದಲ್ಲಿ ಹಿಸುಕಿ ಪಕ್ಕದ ಇನ್ನೊಂದು ಪಥದಲ್ಲಿ, ಬೇರೆ ಬೇರೆಯಾಗಿ ಬರೆಯುತ್ತದೆ. ಕಿರೀಟದ ಕುಸುರಿ, ಮುಖವರ್ಣಿಕೆಯ ಗೆರೆ ಉಳಿಯುವುದು ಅದರಲ್ಲಿ. ಆದರೆ ಬೀಟಾ ಟೇಪನ್ನು ಒಂದೇ ಹಳದಿ ತಂತಿಯಿಂದ, ಅಂದರೆ ಕಾಂಪೊಸಿಟ್ ಔಟ್‌ಪುಟ್‌ನಿಂದ ಇಳಿಸಿದರೆ ಬೇರೆಯಾಗಿದ್ದದ್ದನ್ನು ಮತ್ತೆ ಕಲಸಿದಂತಾಯಿತು. ನಗರದ ಅಂಗಡಿಯೊಂದರಲ್ಲಿ ಹೀಗೆ ಇಳಿಸಿಕೊಂಡು ಬಂದ ಡಿವಿಡಿಗಳನ್ನು ನೋಡಿದ್ದೇನೆ. ಮೂರು ತಂತಿಯ ಕಾಂಪೊನೆಂಟ್ ಔಟ್‌ಪುಟ್ ಯಂತ್ರದ ಹಿಂದೆಯೇ ಇರುವಾಗ ಈ ಸೋಮಾರಿತನಕ್ಕೆ ಕ್ಷಮೆ ಇಲ್ಲ.

ಇನ್ನು ನಮ್ಮ ಹವೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ, ಮೇಲಿನಿಂದ ಉಪ್ಪಿನ ಗಾಳಿ. ಕರಾವಳಿಯ ಕ್ಯಾಸೆಟ್ಟುಗಳಲ್ಲಿ ಮೊದಲು ನೋಡುವುದು ಸ್ಕ್ರೂ ಮತ್ತು ಸ್ಪ್ರಿಂಗು. ತುಕ್ಕು ಹಿಡಿದಿದ್ದರೆ ಆ ಕವಚವನ್ನು ಯಂತ್ರದೊಳಗೆ ಬಿಡುವುದೇ ಇಲ್ಲ. ಸುರುಳಿಗಳನ್ನು ಹೊರತೆಗೆದು, ಕೆಲಸಕ್ಕೆ ಬಾರದ ಬೇರೊಂದು ಟೇಪಿನ ಒಳ್ಳೆಯ ಕವಚಕ್ಕೆ ವರ್ಗಾಯಿಸುತ್ತೇನೆ. ಇದಕ್ಕೆಂದೇ ಖಾಲಿ ಕವಚಗಳ ಒಂದು ಗೋಣಿಚೀಲ ಮೂಲೆಯಲ್ಲಿ ಇದೆ. ಘಟ್ಟದ ಮೇಲಿನ ಟೇಪುಗಳ ಕಥೆ ಬೇರೆ. ಇಲ್ಲಿ ಬೆಲೆಬಾಳುವ ವಸ್ತುವನ್ನು ಅಟ್ಟಕ್ಕೇರಿಸುವ ರೂಢಿ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿದ್ದ ಟೇಪಿಗೆ ಬೂಷ್ಟು ಬರುವುದಿಲ್ಲ, ಹೊಗೆ ಅಷ್ಟರ ಮಟ್ಟಿಗೆ ಕಾಪಾಡಿರುತ್ತದೆ. ಆದರೆ ಮಸಿ ಎಲ್ಲ ಸಂದಿಗಳಲ್ಲೂ ಕೂತಿರುತ್ತದೆ. ಬೂಷ್ಟಿಗಿಂತ ಮಸಿಯೇ ಲೇಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮಸಿ ಬೆಳೆಯುವುದಿಲ್ಲ.

ಬೂಷ್ಟು ಹಿಡಿದವನ್ನು ಬಂದ ದಿನವೇ ಬೇರೆ ಕೋಣೆಯಲ್ಲಿ ಇಡುತ್ತೇನೆ. ಸಿಲಿಕಾ ಜೆಲ್ ತುಂಬಿದ, ಗಾಳಿಯಾಡದ ಪೆಟ್ಟಿಗೆಯಲ್ಲಿ ಆರ್ದ್ರತೆ 40 ಶೇಕಡಾಕ್ಕೆ ಇಳಿಯುವವರೆಗೆ ಮುಚ್ಚಿಟ್ಟರೆ ಒದ್ದೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ಒದ್ದೆ ಇದ್ದಾಗ ಒರೆಸಹೋದರೆ ಬಳಿದಂತಾಗುತ್ತದೆ, ಅಷ್ಟೆ. ಆಮೇಲೆ ಮುಖಕ್ಕೆ ಎನ್-95 ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಅಂಗಳದಲ್ಲಿ ಕುಳಿತು ಮೆದು ಬ್ರಷ್ಷಿನಿಂದ ಸುರುಳಿಯ ಅಂಚನ್ನು ಉಜ್ಜುವುದು. ಕೊನೆಗೆ, ಡ್ರಮ್ಮು ಕಿತ್ತು ತೆಗೆದ ಒಂದು ಗುಜರಿ ಯಂತ್ರದಲ್ಲಿ ಟೇಪನ್ನು ನಿಧಾನವಾಗಿ ಸುತ್ತಿಸುತ್ತೇನೆ. ಟೇಪಿನ ದಾರಿಯಲ್ಲಿ ಎರಡೂ ಬದಿಗೆ ನೂಲು ಬಿಡದ ಬಟ್ಟೆ ಕಟ್ಟಿರುತ್ತೇನೆ, ಸ್ವಲ್ಪ ಹೊತ್ತಿಗೊಮ್ಮೆ ನಿಲ್ಲಿಸಿ ಬಟ್ಟೆ ಸರಿಸಬೇಕು. ಬಟ್ಟೆಯ ಮೇಲಿನ ಕಲೆ ಬೂದು ಬಣ್ಣದ್ದಾಗಿದ್ದರೆ ಬೂಷ್ಟು. ಕಂದು ಅಂಟಂಟಾಗಿದ್ದರೆ ಸಮಸ್ಯೆ ಬೇರೆ, ತಕ್ಷಣ ನಿಲ್ಲಿಸುತ್ತೇನೆ.

ಆ ಕಂದು ಅಂಟು ಹೆಚ್ಚಾಗಿ ಯು-ಮ್ಯಾಟಿಕ್‌ನದು. ಕಣಗಳನ್ನು ಹಿಡಿದಿಟ್ಟ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ, ಟೇಪು ಕಿರುಗುಡುತ್ತ ಡ್ರಮ್ಮಿಗೆ ಕಚ್ಚುತ್ತದೆ. ಜಗತ್ತಿನಾದ್ಯಂತ ಇದಕ್ಕಿರುವ ಉಪಚಾರ ಬೇಯಿಸುವುದು: 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಒಣ ಗಾಳಿಯಲ್ಲಿ ಎಂಟು ಗಂಟೆ, ಕೆಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು. ಅಡಿಕೆ ಡ್ರೈಯರ್‌ನಲ್ಲಿ ಇಡಬಹುದಲ್ಲ ಎಂದು ಕೇಳಿದ ಬಂಧುಗಳು ಹಲವರು. ಅದರ ಶಾಖ ಮೇಲೊಂದು ಕೆಳಗೊಂದು, ಟೇಪು ಸುರುಟಿಕೊಂಡರೆ ಮುಗಿಯಿತು. ನಾನು ಬಳಸುವುದು ಬಾಳೆಹಣ್ಣಿನ ಸುಕೇಳಿ ಮಾಡಲು ಮಾರುವ ಸಣ್ಣ ವಿದ್ಯುತ್ ಡ್ರೈಯರ್. ಅದಕ್ಕೆ ಥರ್ಮೋಸ್ಟಾಟ್ ಇದೆ, ಫ್ಯಾನ್ ಇದೆ. ಆದರೂ ಅದರ ಗುಂಡಿ ತೋರಿಸುವ ಅಂಕಿಯನ್ನು ನಂಬದೆ ಬೇರೆ ಥರ್ಮಾಮೀಟರ್ ಒಳಗಿಟ್ಟಿರುತ್ತೇನೆ. ಬೆಂದ ಟೇಪನ್ನು ಅಷ್ಟೇ ಹೊತ್ತು ತಣಿಯಲು ಬಿಟ್ಟು ಇಳಿಸಿಬಿಡಬೇಕು. ಕೆಲವು ವಾರ ಕಳೆದರೆ ಮತ್ತೆ ತೇವ ಹೀರಿ ಮೊದಲಿನ ಸ್ಥಿತಿಗೇ ಬರುತ್ತದೆ. ಬೀಟಾ ಎಸ್‌ಪಿಯ ಮೆಟಲ್ ಟೇಪಿಗೆ ಮಾತ್ರ ಈ ಉಪಚಾರ ನಾನು ಮಾಡುವುದಿಲ್ಲ.

ಯಂತ್ರಕ್ಕೆ ಹಾಕುವ ಮುನ್ನ ಕ್ಯಾಸೆಟ್ಟಿನ ಕೆಂಪು ಗುಂಡಿ. ಯು-ಮ್ಯಾಟಿಕ್‌ನಲ್ಲಿ ಅದನ್ನು ಕಿತ್ತು ತೆಗೆಯಬೇಕು, ಬೀಟಾದಲ್ಲಿ ಒಳಕ್ಕೆ ಒತ್ತಬೇಕು. ಆಗ ಹಳೆಯದರ ಮೇಲೆ ಹೊಸದೇನೂ ಅಚ್ಚಾಗುವುದಿಲ್ಲ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಚಮೊಯ್ ಚರ್ಮದಿಂದ ಒರೆಸುವಾಗ ಚರ್ಮವನ್ನು ಅಲ್ಲಾಡದಂತೆ ಹಿಡಿದು ಡ್ರಮ್ಮನ್ನು ಕೈಯಲ್ಲಿ ತಿರುಗಿಸುವುದು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ, ಅದನ್ನು ತಂದುಕೊಡುವವರು ಈಗ ಯಾರೂ ಇಲ್ಲ. ಸೋನಿ ಅರ್ಧ ಇಂಚಿನ ಟೇಪ್ ಯಂತ್ರಗಳ ಮಾರಾಟವನ್ನು 2016ರಲ್ಲಿ ನಿಲ್ಲಿಸಿತು. ನನ್ನ ಬಳಿ ಇರುವುದೆಲ್ಲ ಮುಚ್ಚಿಹೋದ ಸ್ಟುಡಿಯೊಗಳಿಂದ ಕೊಂಡ ಯಂತ್ರಗಳು. ಒಂದು ಓಡಲು ಇನ್ನೊಂದು ಬಿಡಿಭಾಗ ಕೊಡುತ್ತದೆ. ಕೊಳ್ಳುವಾಗ ಹೊರಗಿನ ಹೊಳಪು ನೋಡದೆ ಡ್ರಮ್ಮು ಓಡಿದ ಗಂಟೆಗಳ ಲೆಕ್ಕ ನೋಡಿ. ಬೀಟಾ ಯಂತ್ರಗಳಲ್ಲಿ ಅದು ದಾಖಲಾಗಿರುತ್ತದೆ.

ಮಳೆಗಾಲದಲ್ಲಿ ಯಂತ್ರವೇ ಕೆಲಸ ಮಾಡಲು ಒಪ್ಪುವುದಿಲ್ಲ. ಸೋನಿ ಡೆಕ್ಕುಗಳಲ್ಲಿ ‘ಹ್ಯುಮಿಡ್’ ಎಂಬ ಎಚ್ಚರಿಕೆ ಇದೆ. ಡ್ರಮ್ಮಿನ ಮೇಲೆ ತೇವ ಕೂತಿದೆ, ಟೇಪು ಅಂಟಿಕೊಳ್ಳುತ್ತದೆ ಎಂದು ಅರ್ಥ. ಬೆಂಗಳೂರಿನಲ್ಲಿ ಅದು ಉರಿದದ್ದನ್ನು ನಾನು ನೋಡಿದ ನೆನಪೇ ಇಲ್ಲ. ಶಿರಸಿಯ ಜುಲೈನಲ್ಲಿ ಬೆಳಿಗ್ಗೆ ಸ್ವಿಚ್ ಹಾಕಿದರೆ ಮೊದಲು ಉರಿಯುವ ದೀಪವೇ ಅದು. ಕೋಣೆಗೆ ತೇವ ಹೀರುವ ಯಂತ್ರ ತಂದೆ, ಪ್ರಯೋಜನ ಆಯಿತು, ಕರೆಂಟು ಇದ್ದಾಗ. ಟೇಪು ಡ್ರಮ್ಮಿಗೆ ಸುತ್ತಿಕೊಂಡಿರುವಾಗ ಕರೆಂಟು ಹೋದರೆ ಆಗುವ ಪಾಡು ಬೇಡ ಎಂದು ಎಲ್ಲವನ್ನೂ ಯುಪಿಎಸ್‌ಗೆ ಜೋಡಿಸಿದ್ದೇನೆ. ಇಷ್ಟಾದರೂ ಟೇಪು ಓಡಿಸುವ ಕೆಲಸವನ್ನು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇಟ್ಟುಕೊಂಡು, ಮಳೆಯ ತಿಂಗಳುಗಳಲ್ಲಿ ಇಳಿಸಿದ್ದನ್ನು ನೋಡುತ್ತ ಯಾರು, ಎಲ್ಲಿ, ಯಾವಾಗ ಎಂದು ಬರೆದಿಡುತ್ತೇನೆ. ಇದನ್ನು ಒಪ್ಪದ ಗಿರಾಕಿಗಳಿಗೆ ಬೇರೆ ಊರು ತೋರಿಸುತ್ತೇನೆ.

ಇಳಿಸುವಾಗ ಹೆಚ್ಚು ಗಮನ ಬೇಡುವುದು ಟೈಮ್‌ಬೇಸ್ ಕರೆಕ್ಟರ್, ನಮ್ಮ ಬಾಯಲ್ಲಿ ಟಿಬಿಸಿ. ಟೇಪಿನ ಎಳೆತ ಒಂದೇ ಸಮ ಇರದ ಕಾರಣ ಚಿತ್ರದ ಪ್ರತಿ ಸಾಲೂ ಒಂದಿಷ್ಟು ಮುಂಚೆ ಅಥವಾ ತಡವಾಗಿ ಶುರುವಾಗುತ್ತದೆ. ಟಿಬಿಸಿ ಅವನ್ನು ನೆನಪಿನಲ್ಲಿ ಹಿಡಿದು ಸಾಲಾಗಿ ನಿಲ್ಲಿಸಿ ಬಿಡುತ್ತದೆ. ಟೇಪಿನ ಆರಂಭದಲ್ಲಿ ಕಲರ್ ಬಾರ್, ಅಂದರೆ ಅಳತೆಗೆಂದು ಹಾಕಿದ ಬಣ್ಣದ ಪಟ್ಟಿಗಳು ಇದ್ದರೆ ಭಾಗ್ಯ. ಬೆಳಕು, ಬಣ್ಣಗಳನ್ನು ಅಳೆಯುವ ವೇವ್‌ಫಾರ್ಮ್ ಮತ್ತು ವೆಕ್ಟರ್‌ಸ್ಕೋಪ್ ನೋಡುತ್ತ ಕಪ್ಪು, ಬಿಳಿ, ಬಣ್ಣ ಮೂರನ್ನೂ ಅದಕ್ಕೆ ಹೊಂದಿಸಿಬಿಡಬಹುದು. ಬಾರ್ ಇಲ್ಲದಿದ್ದರೆ ಯಂತ್ರದ ಮೂಲ ಸ್ಥಿತಿಯಲ್ಲೇ ಇಳಿಸುತ್ತೇನೆ. ಕಣ್ಣಿಗೆ ಚೆಂದ ಕಾಣಲಿ ಎಂದು ಆಗ ಬಣ್ಣ ಏರಿಸುವುದಿಲ್ಲ, ಆ ಅಲಂಕಾರ ಪ್ರತಿಯ ಮೇಲೆ ಮಾಡಿಕೊಳ್ಳಲಿ.

ಧ್ವನಿಯ ವಿಷಯದಲ್ಲಿ ಹೇಳಲೇಬೇಕಾದದ್ದು ಒಂದಿದೆ. ಬೀಟಾ ಎಸ್‌ಪಿಯಲ್ಲಿ ಧ್ವನಿಗೆ ನಾಲ್ಕು ಮಾರ್ಗಗಳು. ಒಂದು ಮತ್ತು ಎರಡು ಟೇಪಿನ ಅಂಚಿನಲ್ಲಿ ಉದ್ದಕ್ಕೆ ಹೋಗುತ್ತವೆ, ಅವನ್ನು ಅಳಿಸಿ ಹೊಸದನ್ನು ತುಂಬಬಹುದು. ಮೂರು ಮತ್ತು ನಾಲ್ಕು ಎಎಫ್‌ಎಂ ಎಂಬ ಬಗೆಯವು, ಬಣ್ಣದ ಸಂಕೇತದ ಜೊತೆಗೇ ಹೆಣೆದಿರುತ್ತವೆ. ಚಿತ್ರವನ್ನು ಅಳಿಸದೆ ಅವನ್ನು ಬದಲಿಸಲಾಗದು. ಅಗ್ಗದ ಯುವಿಡಬ್ಲ್ಯೂ ಸರಣಿಯ ಯಂತ್ರಗಳು ಮೊದಲ ಎರಡನ್ನು ಮಾತ್ರ ಓದುತ್ತವೆ. ಕುಮಟಾ ಕಡೆಯಿಂದ ಬಂದ ಒಂದು ಬಯಲಾಟದ ಟೇಪನ್ನು ಯಾರೋ ಹಿಂದೆ ಅಂಥ ಯಂತ್ರದಲ್ಲೇ ಇಳಿಸಿಕೊಟ್ಟಿದ್ದರು. ಉದ್ದಕ್ಕೂ ಇಂಗ್ಲಿಷ್ ನಿರೂಪಣೆ, ಭಾಗವತರ ಪದ ಎಲ್ಲಿಯೂ ಇಲ್ಲ. ತಂದವರು ಭಾಗವತರ ಮಗ. “ಚಿತ್ರ ನಮ್ಮಲ್ಲಿ ಇದ್ದೇ ಇದೆ, ಅಪ್ಪಯ್ಯನ ದನಿ ಬೇಕಿತ್ತು” ಎಂದರು. ನಾನು ಅದನ್ನು ನಾಲ್ಕನ್ನೂ ಓದುವ ಬಿವಿಡಬ್ಲ್ಯೂ-75 ಯಂತ್ರಕ್ಕೆ ಹಾಕಿ ನಾಲ್ಕೂ ಮಾರ್ಗಗಳನ್ನು ತೆರೆದೆ. ಮೂರು, ನಾಲ್ಕರಲ್ಲಿ ಚಿತ್ರೀಕರಣದ ರಾತ್ರಿಯ ಧ್ವನಿ ಹಾಗೇ ಇತ್ತು: ಪದ, ಮದ್ದಳೆ, ಚಂಡೆ, ಹಿಂದೆ ಮಗುವೊಂದರ ಅಳು, ನಡುನಡುವೆ ಕ್ಯಾಮೆರಾಮನ್ ಕೆಮ್ಮಿದ್ದು. ನಿರೂಪಣೆಯನ್ನು ಹಾಕಿದವರು ಕ್ಯಾಮೆರಾ ಟೇಪಿನ ಮೇಲೆಯೇ ನೇರವಾಗಿ ಒಂದು, ಎರಡರಲ್ಲಿ ತುಂಬಿದ್ದರು. ಅಂದಿನಿಂದ ನಾನು ಯಾವ ಎಸ್‌ಪಿ ಟೇಪನ್ನೂ ಎರಡೇ ಮಾರ್ಗದಲ್ಲಿ ಇಳಿಸಿಲ್ಲ, ಖಾಲಿ ಎಂದು ಕಂಡರೂ ನಾಲ್ಕನ್ನೂ ಉಳಿಸುತ್ತೇನೆ. ಹಿಂದೆ ಎಲ್ಲೋ ಇಳಿಸಿಕೊಂಡವರು ಆ ಯಂತ್ರ ಯಾವುದಾಗಿತ್ತು ಎಂದು ವಿಚಾರಿಸಿಕೊಳ್ಳಿ.

ಫೈಲಿನ ಲೆಕ್ಕ ಹೀಗೆ. ನಮ್ಮ ಟಿ.ವಿ.ಯ ಪಾಲ್ ಪದ್ಧತಿಯಲ್ಲಿ 720 ಅಡ್ಡ, 576 ಸಾಲು, ಸೆಕೆಂಡಿಗೆ 25 ಚಿತ್ರ. ಸಂಕೋಚನವಿಲ್ಲದ 10 ಬಿಟ್ ಫೈಲು ಗಂಟೆಗೆ ಸುಮಾರು 100 ಜಿಬಿ ತಿನ್ನುತ್ತದೆ. ಎಫ್‌ಎಫ್‌ವಿ1 ಎಂಬ ಮುಕ್ತ ವಿಧಾನದಲ್ಲಿ ಏನನ್ನೂ ಕಳೆದುಕೊಳ್ಳದೆ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ. ನನ್ನ ಮೂಲಪ್ರತಿಗಳೆಲ್ಲ ಅದರಲ್ಲೇ, ಎರಡು ಹಾರ್ಡ್‌ಡಿಸ್ಕ್‌ನಲ್ಲಿ, ಒಂದು ನನ್ನಲ್ಲಿ, ಒಂದು ಕೊಟ್ಟವರಲ್ಲಿ. ಮೊಬೈಲಿನಲ್ಲಿ ನೋಡಲು ಸಣ್ಣ ಪ್ರತಿ ಬೇರೆ. ಬೀಟಾದ ‘30’ ಎಂದು ಬರೆದ ಕ್ಯಾಸೆಟ್ಟು ನಮ್ಮಲ್ಲಿ ಮೂವತ್ತೈದು ನಿಮಿಷದ ಹತ್ತಿರ ಓಡುತ್ತದೆ, ಏಕೆಂದರೆ ಆ ಅಂಕಿ ಟೇಪು ಇನ್ನೂ ವೇಗವಾಗಿ ಸಾಗುವ ಅಮೆರಿಕದ ಪದ್ಧತಿಯದು. ಮೂವತ್ತಕ್ಕೇ ರೆಕಾರ್ಡಿಂಗ್ ನಿಲ್ಲುವಂತೆ ಹೊಂದಿಸಿ ಚಹಾ ಕುಡಿಯಲು ಹೋಗಬೇಡಿ.

2019ರಲ್ಲಿ ಯುನೆಸ್ಕೊ ಇಂಥ ಟೇಪುಗಳ ಬಗ್ಗೆ ಎಚ್ಚರಿಸಿತ್ತು: ಓದುವ ಯಂತ್ರಗಳು 2025ರ ಹೊತ್ತಿಗೆ ಸಿಗದಂತಾಗುತ್ತವೆ ಎಂದು. ಆ ಗಡುವು ದಾಟಿದ ಮೇಲೂ ನನ್ನ ಡೆಕ್ಕುಗಳು ಓಡುತ್ತಿವೆ, ಆದರೆ ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ, ಅಂದರೆ ಪಿಂಚ್ ರೋಲರ್ ಒಂದಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ಮಾಮೂಲಾಗಿದೆ. ಮನೆಯಲ್ಲಿ ಇಂಥ ಟೇಪು ಇರುವವರು ಅವನ್ನು ಮಲಗಿಸದೆ ಪುಸ್ತಕದಂತೆ ನಿಲ್ಲಿಸಿಡಿ, ನೆಲಕ್ಕೂ ಗೋಡೆಗೂ ತಾಗಿಸಬೇಡಿ, ಡಬ್ಬಿಯ ಮೇಲಿನ ಚೀಟಿ ಉದುರುವ ಮೊದಲು ಅದರ ಫೋಟೊ ತೆಗೆದಿಡಿ. ಕಳಿಸುವಾಗ ಗಟ್ಟಿ ಪೆಟ್ಟಿಗೆ ಬಳಸಿ, ಆದರೆ ದಯವಿಟ್ಟು ಥರ್ಮೋಕೋಲ್ ಪುಡಿ ತುಂಬಬೇಡಿ, ಅದು ಕವಚದೊಳಗೆ ಹೊಕ್ಕರೆ ಹೆಕ್ಕಿ ತೆಗೆಯಲು ಅರ್ಧ ದಿನ ಬೇಕು. ಪ್ಯಾನಸೋನಿಕ್‌ನ ಎಂ-2 ಕ್ಯಾಸೆಟ್ಟು ಮತ್ತು ಒಂದು ಇಂಚಿನ ಬಿಚ್ಚು ಸುರುಳಿಗೆ ನನ್ನಲ್ಲಿ ಯಂತ್ರವಿಲ್ಲ, ಅವನ್ನು ತರುವ ಮೊದಲು ಒಂದು ಫೋನ್ ಮಾಡಿ.