ಮೆಥೋಟ್ರೆಕ್ಸೇಟ್: ವರ್ಷಗಟ್ಟಲೆ ತೆಗೆದುಕೊಳ್ಳುವವರು ಗಮನಿಸಬೇಕಾದದ್ದು

ಮೆಥೋಟ್ರೆಕ್ಸೇಟ್ ಮೂಲತಃ ಕ್ಯಾನ್ಸರ್ ಔಷಧಿ. ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್‌ಗೆ ಕೊಡುವ ಪ್ರಮಾಣ ಮಾತ್ರ ತೀರಾ ಕಡಿಮೆ, ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಇಷ್ಟೇ ವರ್ಷ ಎಂಬ ಗಡುವಿಲ್ಲ. ಕಾಯಿಲೆ ಹತೋಟಿಯಲ್ಲಿದ್ದು ರಕ್ತಪರೀಕ್ಷೆ ಸರಿಯಿದ್ದರೆ ಹತ್ತು ವರ್ಷ ದಾಟಿಯೂ ಮುಂದುವರಿಸುತ್ತಾರೆ.

ಜೀವಕ್ಕೆ ಕುತ್ತು ತರುವ ತಪ್ಪೆಂದರೆ ವಾರಕ್ಕೊಮ್ಮೆಯ ಮಾತ್ರೆಯನ್ನು ದಿನಾ ನುಂಗುವುದು. ಮೂಳೆಮಜ್ಜೆ ಸೋತು ಬಿಳಿ ರಕ್ತಕಣ ಕುಸಿಯುತ್ತವೆ, ಬಾಯಿ ತುಂಬ ಹುಣ್ಣಾಗುತ್ತದೆ. ವಾರದ ಒಂದು ದಿನ ಗೊತ್ತುಮಾಡಿಕೊಂಡು ಚೀಟಿಯ ಮೇಲೆ ಬರೆಸಿ. ಲೆಕ್ಕ ಮಾತ್ರೆಯಲ್ಲಿ ಬೇಡ, ಮಿಲಿಗ್ರಾಂನಲ್ಲಿರಲಿ: 15 ಮಿಲಿಗ್ರಾಂ ಅಂದರೆ 2.5ರ ಆರು ಮಾತ್ರೆ. ಅಂಗಡಿಯವರು 10ರ ಮಾತ್ರೆ ಕೊಟ್ಟಾಗ ಹಳೆ ರೂಢಿಯಂತೆ ಆರು ನುಂಗಿದರೆ 60! ಹೆಚ್ಚು ನುಂಗಿದ್ದು ಗೊತ್ತಾದರೆ ತೊಂದರೆ ಕಾಣಿಸಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಪ್ರತ್ಯೌಷಧಿ ಫೋಲಿನಿಕ್ ಆ್ಯಸಿಡ್ ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಮರೆತದ್ದು ಎರಡು ದಿನದೊಳಗೆ ನೆನಪಾದರೆ ತೆಗೆದುಕೊಳ್ಳಬಹುದು. ಅದಕ್ಕಿಂತ ತಡವಾದರೆ ಆ ವಾರದ್ದು ಬಿಟ್ಟುಬಿಡಿ, ಮುಂದಿನ ಸಲ ಎರಡು ಪಾಲು ಬೇಡ.

ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ವಿಟಮಿನ್ (ಸಾಮಾನ್ಯವಾಗಿ ವಾರಕ್ಕೆ 5 ಮಿಲಿಗ್ರಾಂ, ಬೇರೆ ದಿನ) ಬಾಯಿಹುಣ್ಣು, ವಾಕರಿಕೆ ತಗ್ಗಿಸುತ್ತದೆ. ಲಿವರ್‌ಗೂ ಒಳ್ಳೆಯದು. ಇದನ್ನು ಟಾನಿಕ್ ಎಂದುಕೊಂಡು ಬಿಡಬೇಡಿ.

ರಕ್ತಕಣ, ಲಿವರ್ ಕಿಣ್ವ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮೊದಲ ಮೂರು ತಿಂಗಳು 2–4 ವಾರಕ್ಕೊಮ್ಮೆ, ಆಮೇಲೆ 8–12 ವಾರಕ್ಕೊಮ್ಮೆ. ಮಾತ್ರೆ ನುಂಗಿದ ಮರುದಿನವೇ ರಕ್ತ ಕೊಡಬೇಡಿ. ಕಿಣ್ವ ತಾತ್ಕಾಲಿಕವಾಗಿ ಏರಿರಬಹುದು, ಸುಮ್ಮನೆ ಗಾಬರಿ. ಮುಂದಿನ ಡೋಸ್‌ಗೆ ಒಂದೆರಡು ದಿನ ಮೊದಲು ಕೊಡುವುದೇ ಸರಿ. ಬೊಜ್ಜು, ಸಕ್ಕರೆ ಕಾಯಿಲೆ, ಮದ್ಯ ಇದ್ದವರ ಲಿವರ್ ಕಾಲಕ್ರಮದಲ್ಲಿ ಗಟ್ಟಿಯಾಗುವ ಸಂಭವ ಜಾಸ್ತಿ. ಅವರಿಗೆ ಕಿಣ್ವದ ವರದಿಯಷ್ಟೇ ಸಾಲದು, ಲಿವರ್ ಸ್ಕ್ಯಾನ್ ಬಗ್ಗೆಯೂ ಕೇಳಬೇಕು.

ಔಷಧಿ ಹೊರಹೋಗುವುದು ಮುಖ್ಯವಾಗಿ ಕಿಡ್ನಿಯಿಂದ. ವಾಂತಿಭೇದಿಯಾಗಿ ಮೈ ಒಣಗಿದರೆ ಒಳಗೇ ಉಳಿದು ವಿಷವಾಗುತ್ತದೆ. ಆ ವಾರದ್ದನ್ನು ತಡೆದು ವೈದ್ಯರನ್ನು ಕೇಳಿ. ಮೂತ್ರದ ಸೋಂಕಿಗೆ ಬರೆಯುವ ಟ್ರೈಮೆಥೋಪ್ರಿಮ್ ಇದರ ಜೊತೆ ಸೇರಿದರೆ ರಕ್ತಕಣ ದಿಢೀರನೆ ಕುಸಿಯಬಹುದು. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಮೆಥೋಟ್ರೆಕ್ಸೇಟ್ ಹೆಸರು ಮೊದಲು ಹೇಳಿ. ಗರ್ಭಿಣಿಯರಿಗೆ ಇದು ಸಲ್ಲದು. ಮಗು ಬೇಕೆನ್ನುವವರು ತಿಂಗಳುಗಳ ಮೊದಲೇ ನಿಲ್ಲಿಸುವ ಬಗ್ಗೆ ಕೇಳಬೇಕು.

ಹೊಸದಾಗಿ ಒಣಕೆಮ್ಮು, ಏದುಸಿರು, ಜ್ವರ ಬಂದರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಅಂದೇ ತೋರಿಸಿ. ಈ ಔಷಧಿಯಿಂದಾಗುವ ಶ್ವಾಸಕೋಶದ ಉರಿಯೂತ ಅಪರೂಪ, ಆದರೆ ಮುಂದಿನ ರಕ್ತಪರೀಕ್ಷೆಯವರೆಗೆ ಕಾಯುವಂಥದ್ದಲ್ಲ.